ಮಳೆಗಾಲದ ಬಟ್ಟೆ, ಮಳೆಗಾಲದ ಔತಣ: ಮಲೆನಾಡಿನ ಮನೆಗಳಿಂದ ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಪುನರ್ವಸು ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗೆಳತಿಯರೂ ನೆಂಟರೂ ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಸಂಗತಿಗಳನ್ನು: ಒಗೆದ ಬಟ್ಟೆಯನ್ನು ಏನು ಮಾಡುವುದು, ಮನೆಗೆ ಬರುವವರಿಗೆ ಏನು ಬಡಿಸುವುದು. ಇವೆರಡಕ್ಕೂ ಸಂಬಂಧವಿಲ್ಲವೆಂದು ದೂರದವರಿಗೆ ಅನ್ನಿಸಬಹುದು. ನಮ್ಮಲ್ಲಿ ನಾಮಕರಣದ ಹಿಂದಿನ ರಾತ್ರಿ ಬಚ್ಚಲ ಒಲೆಯ ಹತ್ತಿರ ಮಕ್ಕಳ ಬಟ್ಟೆ ಒಣಗುತ್ತಿರುತ್ತದೆ, ಅಡುಗೆಮನೆಯಲ್ಲಿ ಪತ್ರೊಡೆ ಬೇಯುತ್ತಿರುತ್ತದೆ, ಎರಡನ್ನೂ ಒಬ್ಬರೇ ನೋಡಿಕೊಳ್ಳುತ್ತಿರುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದವನ್ನು ಮೊದಲು, ತೊಡಕಿನವನ್ನು ಆಮೇಲೆ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದವು

ಎಂಟು ದಿನವಾಯಿತು, ಬಿಸಿಲಿನ ಮುಖ ಕಂಡಿಲ್ಲ. ಬಟ್ಟೆ ಮುಗ್ಗಲು ವಾಸನೆ ಬಾರದ ಹಾಗೆ ಒಣಗಿಸುವುದು ಹೇಗೆ?

ಮುಗ್ಗಲು ವಾಸನೆಗೆ ಕಾರಣ ನೀರಲ್ಲ, ನೀರು ಬಟ್ಟೆಯಲ್ಲಿ ಉಳಿಯುವ ಹೊತ್ತು. ಒದ್ದೆ ಬಟ್ಟೆಯಲ್ಲಿ ಉಳಿದ ಬೆವರು, ಎಣ್ಣೆ ಮತ್ತು ಸೋಪಿನ ಅಂಶವನ್ನು ತಿಂದು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಅವು ಬಿಡುವ ವಾಸನೆಯೇ ನಮ್ಮ ಮೂಗಿಗೆ ಬಡಿಯುವುದು. ಆದ್ದರಿಂದ ಬಟ್ಟೆಯಲ್ಲಿರುವ ನೀರನ್ನು ಮೊದಲೇ ಎಷ್ಟು ಕಡಿಮೆ ಮಾಡುತ್ತೀರೋ ಅಷ್ಟೂ ಒಳ್ಳೆಯದು. ಯಂತ್ರವಿದ್ದರೆ ಹಿಂಡುವ ಸುತ್ತನ್ನು ಎರಡು ಸಲ ಓಡಿಸಿ. ಕೈಯಲ್ಲಿ ಒಗೆಯುವವರು ಹಿಂಡಿದ ಬಟ್ಟೆಯನ್ನು ಒಣಗಿದ ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ಮತ್ತೊಮ್ಮೆ ಹಿಂಡಬಹುದು. ಅಂಗಿ, ಲಂಗಗಳಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಆಮೇಲಿನ ಕೆಲಸ ಗಾಳಿಯದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅಂಥ ಕಡೆ ಜುಲೈ ತಿಂಗಳಲ್ಲಿ ಕಿಟಕಿ ತೆರೆದಿಟ್ಟರೆ ಒಳಗೆ ಬರುವುದು ತೇವ ತುಂಬಿದ ಗಾಳಿಯೇ. ಮಳೆ ಸುರಿಯುವಾಗ ಕಿಟಕಿ ಮುಚ್ಚಿ, ಒಂದೇ ಕೋಣೆಯಲ್ಲಿ ಬಟ್ಟೆ ಹರವಿ, ಫ್ಯಾನನ್ನು ಬಟ್ಟೆಯ ಮೇಲೆ ನೇರವಾಗಿ ಬೀಸುವಂತೆ ಇಡಿ, ಮಳೆ ಬಿಟ್ಟ ಅರ್ಧ ಗಂಟೆ ಕಿಟಕಿ ತೆರೆಯಿರಿ. ಎರಡು ಬಟ್ಟೆಗಳ ನಡುವೆ ಅಂಗೈಯಷ್ಟು ಜಾಗ ಬಿಡದಿದ್ದರೆ ಫ್ಯಾನಿನಿಂದಲೂ ಪ್ರಯೋಜನವಿಲ್ಲ. ಜೀನ್ಸ್, ಜಮಖಾನ, ಹೊದಿಕೆಗಳನ್ನು ಆಶ್ಲೇಷ ಮಳೆ ಮುಗಿಯುವವರೆಗೆ ಒಗೆಯಲು ತೆಗೆಯಲೇ ಬೇಡಿ ಎಂಬುದು ನನ್ನ ಅಭಿಪ್ರಾಯ.

ಅತ್ತೆಯವರು "ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹಾಕು" ಎನ್ನುತ್ತಾರೆ. ಹೊಗೆ ವಾಸನೆ ಹತ್ತುವುದಿಲ್ಲವೇ?

ಹತ್ತುತ್ತದೆ, ಆದರೆ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಹೊರಗಿನ ಗಾಳಿ 24 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಆರ್ದ್ರತೆ ಶೇಕಡಾ 95 ಇದ್ದಾಗ, ಅದೇ ಗಾಳಿ ಒಲೆಯ ಕಾವಿಗೆ 34 ಡಿಗ್ರಿಗೆ ಏರಿದರೆ ಆರ್ದ್ರತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ಗಾಳಿ ಬಟ್ಟೆಯ ನೀರನ್ನು ಎಳೆದುಕೊಳ್ಳಬಲ್ಲದು. ಮಳೆಗಾಲದಲ್ಲಿ ಅಡಿಕೆ ಒಣಗಿಸುವಾಗಲೂ ನಮ್ಮ ಹಿರಿಯರು ಇದೇ ಕಾವನ್ನು ನಂಬಿದ್ದರು.

ಹೊಗೆ ಏಳುವುದು ಬೆಂಕಿ ಹೊತ್ತಿಸುವಾಗ ಮತ್ತು ಹಸಿ ಕಟ್ಟಿಗೆ ತುರುಕಿದಾಗ. ಹಂಡೆಯ ನೀರು ಕಾದು, ಕಟ್ಟಿಗೆ ಉರಿದು ಕೆಂಡವಾದ ಮೇಲೆ ಬಟ್ಟೆ ಹರವಿದರೆ ವಾಸನೆ ಅಷ್ಟಾಗಿ ಹಿಡಿಯದು. ಒಲೆಯ ನೆತ್ತಿಯ ಮೇಲೆ ಹಗ್ಗ ಕಟ್ಟಬೇಡಿ, ಬದಿಗೆ ಕಟ್ಟಿ. ನೈಲಾನ್, ಪಾಲಿಸ್ಟರ್ ಬಟ್ಟೆ ಜಾರಿ ಬಿದ್ದರೆ ಕ್ಷಣದಲ್ಲಿ ಹೊತ್ತಿಕೊಂಡು ಕರಗುತ್ತದೆ. ರಾತ್ರಿ ಮಲಗುವ ಮುನ್ನ ಅಲ್ಲಿಂದ ಬಟ್ಟೆ ತೆಗೆಯುವುದನ್ನು ಎಂದೂ ಮರೆಯಬೇಡಿ.

ಸೋಪಿನ ಪುಡಿ ಎಷ್ಟು ಹಾಕಬೇಕು? ನೊರೆ ಹೋಗುವುದೇ ಇಲ್ಲ.

ಪ್ಯಾಕೆಟಿನ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು, ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಅದರಲ್ಲಿ ಸ್ವಲ್ಪ ಪುಡಿಗೇ ನೊರೆ ಏಳುತ್ತದೆ. ಕೊಳವೆ ಬಾವಿಯ ಗಡಸು ನೀರಿಗೆ ಮಾತ್ರ ಪೂರ್ತಿ ಅಳತೆ ಬೇಕಾಗಬಹುದು.

ಮಗನ ಹುಟ್ಟುಹಬ್ಬಕ್ಕೆ 25 ಜನ ಬರುತ್ತಾರೆ. ಅಕ್ಕಿ ಎಷ್ಟು ಹಾಕಲಿ?

ಸಾರು, ಹುಳಿ, ಪಲ್ಯ, ಪಾಯಸ ಇರುವ ಊಟಕ್ಕೆ ಒಬ್ಬರಿಗೆ 100 ಗ್ರಾಂ ಅಕ್ಕಿಯೆಂದು ಲೆಕ್ಕ ಹಾಕುತ್ತೇನೆ, ಅಂದರೆ 25 ಜನರಿಗೆ ಎರಡೂವರೆ ಕಿಲೋ. ತೋಟದ ಕೆಲಸ ಮುಗಿಸಿ ಬಂದು ಕೂರುವವರು ಹೆಚ್ಚಿದ್ದರೆ ಮೂರು ಕಿಲೋ ಬೇಕು. ಮಕ್ಕಳೇ ಹೆಚ್ಚಿದ್ದರೆ ಎರಡು ಕಿಲೋ ಸಾಕು. ಹುಳಿಗೆ 600 ಗ್ರಾಂ ತೊಗರಿಬೇಳೆ, ಕೋಸಂಬರಿಗೆ 300 ಗ್ರಾಂ ಹೆಸರುಬೇಳೆ ಮತ್ತು ಮೂರು ಸೌತೆಕಾಯಿ, ಎಲ್ಲಕ್ಕೂ ಸೇರಿ ಐದಾರು ತೆಂಗಿನಕಾಯಿ, ಮಜ್ಜಿಗೆಗೆ ಒಂದೂವರೆ ಲೀಟರ್ ಮೊಸರು, ಪಾಯಸ ಮೂರು ಲೀಟರ್. ಚಿತ್ರಾನ್ನವೋ ಪುಳಿಯೋಗರೆಯೋ ಜೊತೆಗಿದ್ದರೆ ಬಿಳಿ ಅನ್ನವನ್ನು ಆ ಪ್ರಮಾಣದಲ್ಲಿ ಇಳಿಸಬೇಕು. ಇದನ್ನು ಮರೆತೇ ಬಹಳ ಮನೆಗಳಲ್ಲಿ ಅನ್ನ ಉಳಿಯುವುದು.

ಅಕ್ಕಿಯನ್ನು ಒಂದೇ ಸಲ ಬೇಯಿಸದೆ ಎರಡು ಸಲ ಬೇಯಿಸಿ. ಮೊದಲ ಪಂಕ್ತಿ ಕೂತಾಗ ಎರಡನೆಯ ಪಾತ್ರೆ ಒಲೆಯ ಮೇಲಿರಲಿ. ಬರಬೇಕಾದವರು ಘಾಟಿ ರಸ್ತೆಯಲ್ಲಿ ಮರ ಬಿದ್ದು ನಿಂತುಬಿಟ್ಟರೆ ಎರಡನೆಯ ಪಾತ್ರೆಯ ಅಕ್ಕಿ ಹಾಗೆಯೇ ಡಬ್ಬಿಗೆ ಹೋಗುತ್ತದೆ.

## ಕಲೆಗಳು

ಸಾರು ಚೆಲ್ಲಿದ ಅಂಗಿಗೆ ಸೋಪು ಹಚ್ಚಿದರೆ ಕಲೆ ಕೆಂಪಾಯಿತು! ಬಟ್ಟೆ ಹಾಳಾಯಿತೇ?

ಹಾಳಾಗಿಲ್ಲ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ನೀವು ನೋಡಿದ್ದೀರಿ, ಇಲ್ಲಿ ಆದದ್ದೂ ಅದೇ. ಅರಿಶಿನದ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಬಟ್ಟೆಸೋಪಿನಲ್ಲಿ ಕ್ಷಾರವಿದೆ. ಚೆನ್ನಾಗಿ ಅಲುಬಿದರೆ, ಅಥವಾ ಎರಡು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ.

ಉಳಿದ ಹಳದಿಯನ್ನು ತೆಗೆಯುವುದರಲ್ಲಿ ಬೆಳಕಿನಷ್ಟು ಸಮರ್ಥವಾದದ್ದು ಬೇರೆ ಇಲ್ಲ, ಏಕೆಂದರೆ ಅರಿಶಿನದ ಬಣ್ಣ ಬೆಳಕಿಗೆ ಒಡೆದುಹೋಗುತ್ತದೆ. ಸಾರಿನಲ್ಲಿ ಎಣ್ಣೆಯೂ ಇರುವುದರಿಂದ ಮೊದಲು ಪಾತ್ರೆ ತೊಳೆಯುವ ದ್ರವ ಹಚ್ಚಿ ಎಣ್ಣೆ ತೆಗೆಯಿರಿ, ಆಮೇಲೆ ಒದ್ದೆಯಾಗಿರುವಾಗಲೇ ಬೆಳಕಿಗೆ ಹರವಿ. ಬೇಸಗೆಯಲ್ಲಿ ಒಂದು ದಿನ ಸಾಕು. ಮೋಡದ ದಿನಗಳಲ್ಲಿ ಜಗಲಿಯ ಬೆಳಕಿನಲ್ಲಿ ಮೂರು ನಾಲ್ಕು ದಿನ ಬೇಕಾದೀತು. ಕಲೆ ಇರುವಾಗ ಇಸ್ತ್ರಿ ಹಾಕಬೇಡಿ.

ಉಂಬಳ ಕಚ್ಚಿದ ರಕ್ತ ಬಿಳಿ ಪಂಚೆಗೆ ಹತ್ತಿದೆ. ಬಿಸಿನೀರಲ್ಲಿ ನೆನೆಸಿದೆ, ಕಲೆ ಕಂದಾಗಿ ಕೂತಿದೆ.

ರಕ್ತದಲ್ಲಿರುವುದು ಪ್ರೋಟೀನು; ಮೊಟ್ಟೆಯ ಬಿಳಿಯಂತೆ ಅದು ಬಿಸಿಗೆ ಗಟ್ಟಿಯಾಗಿ ನೂಲಿಗೆ ಅಂಟುತ್ತದೆ. ರಕ್ತಕ್ಕೆ ಯಾವಾಗಲೂ ತಣ್ಣೀರು, ಅದಕ್ಕೆ ಒಂದು ಹಿಡಿ ಉಪ್ಪು. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಆಮೇಲೆ ಸೋಪು ಹಚ್ಚಿ. ಈಗಾಗಲೇ ಬಿಸಿನೀರು ತಾಗಿರುವುದರಿಂದ ಕಿಣ್ವವಿರುವ ಬಟ್ಟೆಪುಡಿಯಲ್ಲಿ ರಾತ್ರಿಯಿಡೀ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿಡಿ, ಬಹುಪಾಲು ಹೋಗುತ್ತದೆ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಅದು ಉದುರಿದ ಮೇಲೂ ಗಾಯ ಬಹಳ ಹೊತ್ತು ಒಸರುತ್ತದೆ. ಊಟಕ್ಕೆ ಕೂರುವ ಮುನ್ನ ಅಲ್ಲಿ ಒಂದು ತುಂಡು ಬಟ್ಟೆ ಬಿಗಿಯಾಗಿ ಕಟ್ಟಿಕೊಂಡರೆ ಪಂಚೆಯೂ ಚಾಪೆಯೂ ಉಳಿಯುತ್ತವೆ.

ಹಲಸಿನ ಮೇಣ ಸೀರೆಗೆ ಅಂಟಿದೆ. ಬಾಳೆಕಾಯಿ ಸೊನೆಯೂ ಇದೇ ರೀತಿಯದೇ?

ಎರಡೂ ಬೇರೆ. ಹಲಸಿನ ಮೇಣ ನೀರಿಗೆ ಕರಗದು, ಎಣ್ಣೆಗೆ ಸಡಿಲವಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳಿನಿಂದ ಉಜ್ಜಿ ಉಂಡೆಯಾಗಿ ತೆಗೆದು, ಆಮೇಲೆ ಎಣ್ಣೆಯನ್ನು ಸೋಪಿನಿಂದ ತೊಳೆಯಿರಿ. ಬಾಳೆಯ ಸೊನೆ ತಾಗಿದಾಗ ನೀರಿನಂತೆ ಕಂಡು, ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಕಪ್ಪಾದ ಮೇಲೆ ಅದನ್ನು ಪೂರ್ತಿ ತೆಗೆದವರನ್ನು ನಾನು ಕಂಡಿಲ್ಲ. ತಾಗಿದ ಕೂಡಲೇ ನಿಂಬೆರಸ ಹಚ್ಚಿ ತಣ್ಣೀರಿನಲ್ಲಿ ತೊಳೆದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಎಲೆ ಕೊಯ್ಯುವವರು, ಬಾಳೆಕಾಯಿ ಹೆಚ್ಚುವವರು ಹಳೆಯ ಬಟ್ಟೆಯುಟ್ಟು ಕೂರಲಿ.

ಅಡಿಕೆ ಚೊಗರು ತಾಗಿದ ಬಟ್ಟೆ ಒಗೆದಷ್ಟೂ ಕಪ್ಪಾಗುತ್ತಿದೆ, ಏಕೆ?

ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ನೀರಿನಲ್ಲಿ, ಇರುವ ಒಗರಿನ ಅಂಶಕ್ಕೆ ಕಬ್ಬಿಣ ಸೇರಿದರೆ ಕಪ್ಪು ಬಣ್ಣವಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಇದೇ ಗುಣದಿಂದ. ತುಕ್ಕು ಹಿಡಿದ ಬಕೆಟ್, ಕಬ್ಬಿಣದ ಅಂಶ ಹೆಚ್ಚಿರುವ ಕೊಳವೆ ಬಾವಿಯ ನೀರು, ಕೆಮ್ಮಣ್ಣಿನ ಕೆಸರು, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಬಚ್ಚಲಿನಲ್ಲಿ ಇರಬೇಕು. ಪ್ಲಾಸ್ಟಿಕ್ ಬಕೆಟಿನಲ್ಲಿ, ಬಾವಿ ನೀರಿನಲ್ಲಿ ಒಗೆದು ನೋಡಿ. ಸುಲಿಯುವವರಿಗೆ, ಬೇಯಿಸುವವರಿಗೆ ಬೇರೆಯದೇ ಒಂದು ಜೊತೆ ಬಟ್ಟೆ ಇಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ, ಅದನ್ನು ಬಿಡದಿರುವುದೇ ಲೇಸು.

ಮಕ್ಕಳ ಶಾಲೆಯ ಬಿಳಿ ಅಂಗಿಗೆ ಕೆಮ್ಮಣ್ಣು. ಬ್ಲೀಚಿಂಗ್ ಹಾಕಿದರೂ ಹೋಗುತ್ತಿಲ್ಲ.

ಹೋಗುವುದಿಲ್ಲ. ಕೆಮ್ಮಣ್ಣಿನ ಕೆಂಪು ತುಕ್ಕಿನ ಜಾತಿಯದು, ಬ್ಲೀಚಿಂಗಿಗೆ ಅದು ಜಗ್ಗದು. ಕೆಸರು ಪೂರ್ತಿ ಒಣಗಲು ಬಿಟ್ಟು, ಬ್ರಷ್ಷಿನಿಂದ ಕೊಡವಿ, ಆಮೇಲೆ ಒಗೆಯಿರಿ. ಒದ್ದೆ ಕೆಸರನ್ನು ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಉಳಿದ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬ್ಲೀಚಿಂಗ್ ಹಾಕಿದ ಬಟ್ಟೆಯನ್ನು ಚೆನ್ನಾಗಿ ಅಲುಬದೆ ನಿಂಬೆರಸವನ್ನಾಗಲಿ, ವಿನೆಗರನ್ನಾಗಲಿ, ಬಚ್ಚಲು ತೊಳೆಯುವ ಆಸಿಡನ್ನಾಗಲಿ ಬಳಸಬೇಡಿ. ಅವು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ. ಮಳೆಗೆ ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅಪಾಯ ಇನ್ನೂ ಹೆಚ್ಚು.

## ಮಳೆಗಾಲದ ಔತಣ

ಮಳೆಗಾಲದ ಕಾರ್ಯಕ್ರಮಕ್ಕೆ ಏನು ಅಡುಗೆ ಇಟ್ಟರೆ ಚೆನ್ನ? ಪೇಟೆಯಿಂದ ತರಕಾರಿ ಸಿಗುವುದು ನಂಬಿಕೆಯಿಲ್ಲ.

ಪೇಟೆಯ ತರಕಾರಿ ನಂಬಬೇಡಿ, ಹಿತ್ತಲನ್ನು ನಂಬಿ. ಆ ದಿನಗಳಲ್ಲಿ ನಮ್ಮ ಹಿತ್ತಲು, ಅಟ್ಟ ಎರಡೂ ಬರಿದಾಗಿರುವುದಿಲ್ಲ. ಕೆಸುವಿನ ಎಲೆ ಇದೆ, ಕಳಲೆ (ಬಿದಿರಿನ ಎಳೆ ಮೊಳಕೆ) ಇದೆ, ಬಾಳೆಕಾಯಿ ಇದೆ, ಒಂದೆಲಗ ಇದೆ, ಬೇಸಗೆಯಲ್ಲಿ ಬಾಳೆ ನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಇದೆ, ಡಬ್ಬಿಯಲ್ಲಿ ಹಲಸಿನ ಹಪ್ಪಳ, ಜಾಡಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದೆ. ಇಷ್ಟರಲ್ಲೇ ಎಲೆ ತುಂಬುತ್ತದೆ.

ಅಡುಗೆಯನ್ನು ಆರಿಸುವಾಗ ಅದು ಎಷ್ಟು ಹೊತ್ತು ಕಾಯಬಲ್ಲದು ಎಂಬುದನ್ನು ನಾನು ಮೊದಲು ನೋಡುತ್ತೇನೆ. ಪತ್ರೊಡೆಯನ್ನು ಹಿಂದಿನ ಸಂಜೆ ಬೇಯಿಸಿ, ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಹೆಚ್ಚಿ ಒಗ್ಗರಣೆ ಕೊಟ್ಟರೆ ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಸೌತೆಕಾಯಿ ಹುಳಿ ಕುದಿದಷ್ಟೂ ಚೆನ್ನ. ಒಂದೆಲಗದ ತಂಬುಳಿ ಹಾಗಲ್ಲ: ಹಸಿ ಕಾಯಿ, ಮಜ್ಜಿಗೆ ಸೇರಿದ, ಕುದಿಸದ ಪದಾರ್ಥ ಅದು, ಎಲೆ ಹಾಕುವ ಹೊತ್ತಿಗೆ ರುಬ್ಬಬೇಕು. ಕೋಸಂಬರಿಗೆ ಉಪ್ಪು ಬೆರೆಸುವುದು ಬಡಿಸುವ ಐದು ನಿಮಿಷ ಮೊದಲು, ಇಲ್ಲವಾದರೆ ನೀರು ಬಿಟ್ಟು ಎಲೆಯೆಲ್ಲ ಹರಿಯುತ್ತದೆ. ಹಪ್ಪಳ ಕರಿಯುವ ಮೊದಲು ಡಬ್ಬಿಯನ್ನು ಒಲೆಯ ಬದಿ ಒಂದು ಗಂಟೆ ಇಟ್ಟಿರಿ. ತೇವ ಎಳೆದ ಹಪ್ಪಳ ಎಣ್ಣೆ ಕುಡಿಯುತ್ತದೆ, ಅರಳುವುದಿಲ್ಲ.

ಇಡ್ಲಿಯನ್ನು ಮಾತ್ರ ಈ ಕಾಲದಲ್ಲಿ ನಾನು ಔತಣಕ್ಕೆ ಇಡುವುದಿಲ್ಲ. ಚಳಿಗೆ ಹಿಟ್ಟು ಹುದುಗು ಬರುವುದು ಎಷ್ಟು ಹೊತ್ತಿಗೋ ಹೇಳಲಾಗದು. ಅಕ್ಕಿ ತರಿಯ ಕಡುಬಿಗೆ ಹುದುಗಿನ ಹಂಗಿಲ್ಲ, ಬಿಸಿ ಕಡುಬಿಗೆ ಮನೆಯ ತುಪ್ಪ, ಕಾಯಿ ಚಟ್ನಿ ಇದ್ದರೆ ಬಂದವರು ಇಡ್ಲಿಯನ್ನು ನೆನೆಯುವುದಿಲ್ಲ.

ಪತ್ರೊಡೆ ತಿಂದ ನೆಂಟರಿಗೆ ಗಂಟಲು ತುರಿಸಿತು. ನಾಚಿಕೆಯಾಯಿತು. ಎಲ್ಲಿ ತಪ್ಪಿದೆ?

ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣ ಸೂಜಿಯಂಥ ಸಣ್ಣ ಹರಳುಗಳಾಗಿರುತ್ತದೆ, ಗಂಟಲಿಗೆ ಚುಚ್ಚುವುದು ಅದೇ. ಹುಣಸೆಹುಳಿಯನ್ನು ಧಾರಾಳವಾಗಿ ಹಾಕಿದರೆ, ಪೂರ್ತಿ ಬೇಯಿಸಿದರೆ ತುರಿಕೆ ಅಡಗುತ್ತದೆ. ಅಕ್ಕಿಯ ಜೊತೆಗೆ ರುಬ್ಬುವಾಗಲೇ ಹುಳಿ ಸೇರಬೇಕು. ಹಿಟ್ಟನ್ನು ನಾಲಿಗೆಗೆ ಹಚ್ಚಿದರೆ ಹುಳಿ ಮುಂದೆ ನಿಂತಿರಬೇಕು. ಎಲೆಯ ದಪ್ಪ ನಾರನ್ನು ಹೆರೆದು ತೆಗೆಯಿರಿ, ಸುರುಳಿಯನ್ನು ಬಹಳ ದಪ್ಪ ಮಾಡಬೇಡಿ, ಹಬೆಯಲ್ಲಿ 45 ನಿಮಿಷಕ್ಕೆ ಕಡಿಮೆ ಬೇಯಿಸಬೇಡಿ. ಮರಕೆಸುವಿನ ಎಲೆ ಸಿಕ್ಕರೆ ಅದನ್ನೇ ಬಳಸಿ. ಯಾವ ಎಲೆಯಾದರೂ ಬಡಿಸುವ ಮೊದಲು ಮನೆಯವರು ಒಂದು ತುಂಡು ತಿಂದು ಹತ್ತು ನಿಮಿಷ ಕಾದು ನೋಡಿ.

ಕಳಲೆಯನ್ನು ತಂದ ದಿನವೇ ಪಲ್ಯ ಮಾಡಬಹುದೇ?

ಬೇಡ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಮುಚ್ಚಳ ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರನ್ನೂ ಚೆಲ್ಲಿ. ಶನಿವಾರದ ಊಟಕ್ಕೆ ಬುಧವಾರವೇ ಕಳಲೆ ಮನೆಯಲ್ಲಿರಬೇಕು.

ಬೆಲ್ಲದ ಪಾಯಸಕ್ಕೆ ಹಾಲು ಹಾಕಿದ ತಕ್ಷಣ ಒಡೆಯುತ್ತದೆ. ಪ್ರತಿ ಸಲವೂ ಹೀಗೇ.

ಬೆಲ್ಲದಲ್ಲಿ ಸ್ವಲ್ಪ ಹುಳಿಯಂಶ ಇರುತ್ತದೆ, ಕುದಿಯುವ ಬಿಸಿಯಲ್ಲಿ ಅದು ಹಾಲನ್ನು ಒಡೆಯುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಿ, ಬೇಳೆಯನ್ನೋ ಅಕ್ಕಿಯನ್ನೋ ಬೇಯಿಸಿದ ಪಾತ್ರೆಗೆ ಸೇರಿಸಿ ಕುದಿಸಿ, ಒಲೆಯಿಂದ ಇಳಿಸಿ. ಬೆರಳು ಅದ್ದಬಹುದಾದಷ್ಟು ಆರಿದ ಮೇಲೆ, ಕಾಯಿಸಿ ಆರಿಸಿದ ಹಾಲನ್ನು ಬೆರೆಸಿ, ಮತ್ತೆ ಕುದಿಸಬೇಡಿ. ಜೋನಿ ಬೆಲ್ಲಕ್ಕೂ ಇದೇ ಕ್ರಮ. ನಾನಾದರೆ ಹಾಲಿನ ಬದಲು ಕಾಯಿಹಾಲನ್ನೇ ಹಾಕುತ್ತೇನೆ, ಬೆಲ್ಲಕ್ಕೆ ಹೊಂದುವುದು ಅದೇ.

ಬೆಳಿಗ್ಗೆಯೇ ಕರೆಂಟು ಹೋಗಿ ಮೂರು ದಿನ ಬರಲಿಲ್ಲ. ರುಬ್ಬುವುದು ಹೇಗೆ?

ಹುರಿದು ಪುಡಿ ಮಾಡುವುದನ್ನೆಲ್ಲ, ಅಂದರೆ ಸಾರಿನ ಪುಡಿ, ಹುಳಿಪುಡಿ, ಪಲ್ಯದ ಪುಡಿಗಳನ್ನು ವಾರದ ಮೊದಲೇ ಮಾಡಿ ಡಬ್ಬಿಗೆ ತುಂಬಿರಿ. ಕಾಯಿ ರುಬ್ಬಿದ್ದು ಫ್ರಿಜ್ಜಿಲ್ಲದೆ ಕೆಲವೇ ಗಂಟೆಗಳಲ್ಲಿ ಹಳಸಲು ಶುರುವಾಗುವುದರಿಂದ ಅದನ್ನು ಮೊದಲೇ ರುಬ್ಬಿಡಲು ಬರುವುದಿಲ್ಲ. ಆ ದಿನಕ್ಕೆ ಒರಳನ್ನು ತೊಳೆದು ಸಿದ್ಧವಾಗಿಟ್ಟುಕೊಳ್ಳಿ. 25 ಜನರ ಹುಳಿಗೆ ಎರಡು ಕಾಯಿ ರುಬ್ಬುವುದು ಇಬ್ಬರಿಗೆ ದೊಡ್ಡ ಕೆಲಸವಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಉಳಿದ ಅನ್ನವನ್ನು ಮಾರನೆಯ ದಿನ ಚಿತ್ರಾನ್ನ ಮಾಡಿದೆವು, ಇಬ್ಬರಿಗೆ ವಾಂತಿಯಾಯಿತು. ಬಿಸಿ ಮಾಡಿದ್ದೆವಲ್ಲ?

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ, ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷವನ್ನು ಬಿಡುತ್ತವೆ, ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ನಾಶವಾಗದು. ತಪ್ಪಾದದ್ದು ಮಾರನೆಯ ದಿನದ ಒಲೆಯಲ್ಲಲ್ಲ, ಹಿಂದಿನ ದಿನದ ಮಧ್ಯಾಹ್ನ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟದ್ದರಲ್ಲಿ. ದೊಡ್ಡ ಪಾತ್ರೆಯ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಕೊನೆಯ ಪಂಕ್ತಿ ಎದ್ದ ಕೂಡಲೇ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಕರೆಂಟಿಲ್ಲದಿದ್ದರೆ ಅದೇ ಸಂಜೆ ಹಂಚಿಬಿಡಿ, ಇಲ್ಲವೇ ದನಗಳ ಬಾನಿಗೆ ಹಾಕಿ.

ರೇಷ್ಮೆ ಸೀರೆಗೆ ತುಪ್ಪ ಬಿದ್ದಿದೆ. ಒಗೆಯಲು ಧೈರ್ಯವಿಲ್ಲ.

ನೀರು ತಾಗಿಸುವ ಮೊದಲು ಕಲೆಯ ಮೇಲೆ ಅಕ್ಕಿಹಿಟ್ಟನ್ನೋ ಟಾಲ್ಕಂ ಪೌಡರನ್ನೋ ಉದುರಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮೃದುವಾದ ಬಟ್ಟೆಯಿಂದ ಕೊಡವಿ. ತುಪ್ಪದ ಬಹುಪಾಲನ್ನು ಅದೇ ಹೀರಿರುತ್ತದೆ. ಒಗೆಯಲೇಬೇಕಾದರೆ ಬಟ್ಟೆಸೋಪು ಬೇಡ, ಅದರ ಕ್ಷಾರ ರೇಷ್ಮೆಯ ಹೊಳಪನ್ನು ಕೆಡಿಸುತ್ತದೆ. ಹತ್ತು ಹನ್ನೆರಡು ಅಂಟುವಾಳದ ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೀರನ್ನು ಒಂದು ಬಕೆಟ್ ತಣ್ಣೀರಿಗೆ ಬೆರೆಸಿ. ಸೆರಗಿನ ಒಳಮೂಲೆಯನ್ನು ಮೊದಲು ಅದ್ದಿ ಬಣ್ಣ ಬಿಡುತ್ತದೆಯೇ ನೋಡಿ. ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಡ್ರೈಕ್ಲೀನಿಗೆ ಕೊಡಿ. ಬಿಡದಿದ್ದರೆ ಐದು ನಿಮಿಷ ಅದ್ದಿ ತೆಗೆದು, ಎರಡು ನೀರು ಅಲುಬಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಸೀರೆ ಪೂರ್ತಿ ಒಣಗುವ ಭರವಸೆಯಿಲ್ಲದ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಹಿಟ್ಟಿನ ಕೆಲಸ ಮುಗಿಸಿ, ಮಳೆ ಹಿಂದೆ ಸರಿಯುವವರೆಗೆ ಕಾಯಿರಿ.

ಬೀರುವಿನಲ್ಲಿದ್ದ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಒಗೆದೇ ಇಟ್ಟಿದ್ದೆ.

ಮುಟ್ಟಿದಾಗ ಒಣಗಿದಂತಿದ್ದರೂ ಹೊಲಿಗೆಯಲ್ಲಿ, ಕಾಲರಿನಲ್ಲಿ, ಸೊಂಟಪಟ್ಟಿಯಲ್ಲಿ ತೇವ ಉಳಿದಿರುತ್ತದೆ. ಮಡಚುವ ಮೊದಲು ಅಷ್ಟಕ್ಕಾದರೂ ಇಸ್ತ್ರಿ ಆಡಿಸಿ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲಕ್ಕೆ ಎತ್ತಿಡಬೇಡಿ, ಗಂಜಿಯೇ ಬೂಷ್ಟಿಗೆ ಆಹಾರ. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕೂಡಿಹಾಕುವುದರಿಂದ ರೇಷ್ಮೆಗೆ ಹಳೆಯ ಹತ್ತಿ ಪಂಚೆಯ ಸುತ್ತು ಒಳ್ಳೆಯದು. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ. ಬೂಷ್ಟು ಕಂಡ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಜಗಲಿಗೆ ಒಯ್ದು ಕೊಡವಿ.

ಊಟ ಮುಗಿದ ಮೇಲೆ ರಾಶಿ ಬಿದ್ದ ಟವೆಲು, ಮಸಿಬಟ್ಟೆ, ಪಂಚೆ, ಮಕ್ಕಳ ಅಂಗಿ. ಎಲ್ಲಿಂದ ಶುರು ಮಾಡುವುದು?

ರಾಶಿಯನ್ನು ಒಡೆಯುವುದರಿಂದ. ಒದ್ದೆಯಾದವನ್ನೆಲ್ಲ ಬಿಡಿಸಿ ಹಗ್ಗದ ಮೇಲೆ ಹಾಕಿ, ಆಗ ನಾಳೆಯವರೆಗೂ ಕಾಯಬಹುದು. ರಾಶಿಯಾಗಿದ್ದರೆ ಒಂದೇ ರಾತ್ರಿಗೆ ಮುಗ್ಗುತ್ತದೆ. ಆ ದಿನವೇ ನೋಡಬೇಕಾದವು ರಕ್ತ, ಬಾಳೆಸೊನೆ, ಚೊಗರು ತಾಗಿದ ಬಟ್ಟೆಗಳು ಮಾತ್ರ, ಅವನ್ನು ತಣ್ಣೀರಿಗೆ ಹಾಕಿ. ಅರಿಶಿನ, ಎಣ್ಣೆಯ ಕಲೆಗಳು ಬೆಳಗಿನವರೆಗೆ ಇರಬಲ್ಲವು.

ಅಡುಗೆಮನೆಯ ಮಸಿಬಟ್ಟೆ, ಕೈ ಒರೆಸಿದ ಟವೆಲುಗಳನ್ನು ಉಳಿದವುಗಳ ಜೊತೆ ಸೇರಿಸದೆ, ಹಂಡೆಯಲ್ಲಿ ಉಳಿದ ಬಿಸಿನೀರನ್ನು ಬಕೆಟಿಗೆ ತೋಡಿಕೊಂಡು, ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ನೆನೆಸಿಡಿ. ಬಡಿಸಿ ದಣಿದವರು ಅಷ್ಟು ಮಾಡಿ ಮಲಗಲಿ. ಒಗೆಯುವ ಕೆಲಸವನ್ನು ಬೆಳಿಗ್ಗೆ, ಉಂಡು ಹೋಗದೆ ಉಳಿದ ನೆಂಟರೂ ಸೇರಿ ಮಾಡಬಹುದು, ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತದೆ.